ಫೋನಿಗೆ ಹತ್ತಿದ ಒಡ್ಡಿನ ಕೂಗು

ಒಡಹುಟ್ಟದೆ ಅಕ್ಕನಾದ ಹೊನ್ನಕ್ಕನಿಗೆ,

ಮೊನ್ನೆ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಕುಮಟೆ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದವನ ಜೇಬಿನೊಳಗಿಂದ ನೀನು ಕೂಗಿದೆ. ಹೌದು, ನೀನೇ. "ಒಡ್ಡು ಬಾಯಿ ಬಿಟ್ತೋ... ಮನೆಗೊಂದಾಳು ಬನ್ನೀ..." ನನ್ನ ಕಾಲು ತಾನಾಗಿ ಮುಂದೆ ಹೋಯಿತು. ಆ ಮನುಷ್ಯ ಫೋನ್ ತೆಗೆದು ಕಿವಿಗಿಟ್ಟುಕೊಂಡು, ಮೀನು ತಗೊಂಡಾಯ್ತು, ಬಸ್ಸಿಗೆ ನಿಂತಿದ್ದೇನೆ ಅಂದ. ನಿನ್ನ ಕೂಗು ಈಗ ರಿಂಗ್‌ಟೋನ್ ಆಗಿದೆ, ಅಕ್ಕ. ಸಿಟ್ಟು ಬರಬೇಕಿತ್ತು, ಬಂತು ಕೂಡ. ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ. ನೀನು ಹೋಗಿ ವರ್ಷ ತುಂಬುವುದರೊಳಗೆ ನಿನ್ನ ಗಂಟಲು ಆ ಜೇಬಿಗೆ ಹೋಗಿ ಸೇರಿದ್ದು ಹೇಗೆ? ಅದಕ್ಕೆ ನಾನೂ ಕಾರಣ, ಸರ್ಕಾರವೂ ಕಾರಣ, ಒಲೆ ಮೇಲಿನ ಗಂಜಿಯೂ ಕಾರಣ. ಬರೆಯುತ್ತ ಹೋದರೆ ನನಗೇ ಅರ್ಥವಾಗಬಹುದೇನೋ.

ನಾನು ಮೊದಲ ಸಲ ಕರಪತ್ರದ ಕಟ್ಟು ಹಿಡಿದುಕೊಂಡು ನಿಮ್ಮ ಕೇರಿಗೆ, ಆ ಕೊಪ್ಪಕ್ಕೆ, ಬಂದ ದಿನ ನೆನಪಿದೆಯಾ? ಕಾಗಾಲದ ಈಚೆ, ಅಘನಾಶಿನಿಯ ಹಿನ್ನೀರಿಗೆ ಅಂಟಿಕೊಂಡ ನಿಮ್ಮ ಗಜನಿ ಗದ್ದೆ. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ನಿಮ್ಮ ಕಗ್ಗ ಭತ್ತ, ನಡುವೆ ಮಣ್ಣಿನ ಒಂದು ಒಡ್ಡು. ಆ ಒಡ್ಡನ್ನು ಕಲ್ಲಿನಿಂದ ಗಟ್ಟಿ ಮಾಡಿಕೊಡಿ ಅಂತ ನೀವು ಕೇಳುತ್ತಲೇ ಇದ್ದಿರಿ, ಕಚೇರಿಗಳು ಕೇಳಿಸಿಕೊಳ್ಳುತ್ತಲೇ ಇದ್ದವು. ನಾನು ಒಂದು ಕಲ್ಲಿನ ಮೇಲೆ ಹತ್ತಿ ನಿಂತು ಭೂಮಿ, ಬಂಡವಾಳ, ಪ್ರಭುತ್ವ ಎಲ್ಲವನ್ನೂ ಬಿಡಿಸಿಟ್ಟೆ. ನೀವೆಲ್ಲ ಎಲೆಅಡಿಕೆಯ ಕವಳ ಜಗಿಯುತ್ತ ಕೂತಿರಿ. ಕೆಳಗಿಳಿದ ಮೇಲೆ ನೀನು ಹತ್ತಿರ ಬಂದು ಒಂದೇ ಮಾತು ಹೇಳಿದೆ.

"ನೀ ಪೂರಾ ಹೇಳಿ ಮುಗಸ್ತೆ, ತಮಾ. ನಾವೆಂತ ಹೇಳೂದು?"

ಅವತ್ತು ನನಗೆ ಅವಮಾನವಾಗಿತ್ತು. ಚಳವಳಿಯಲ್ಲಿ ಬೆಳೆದವನು ನಾನು, ಪೊಲೀಸ್ ಜೀಪಿನೊಳಗೂ ಭಾಷಣ ನಿಲ್ಲಿಸದವನು. ಆದರೂ ಅಲ್ಲಿಂದ ಮುಂದೆ ನಿನ್ನ ಹಿಂದೆ ಹಿಂದೆ ಮನೆ ಮನೆ ತಿರುಗಿದೆ. ನೀನು ಯಾರ ಅಂಗಳದಲ್ಲೂ ಹೋರಾಟದ ಸುದ್ದಿ ಮೊದಲು ತೆಗೆಯುತ್ತಿರಲಿಲ್ಲ. ಹಸು ಕರು ಹಾಕಿತಾ, ಬೀಗರು ಬಂದು ಹೋದರಾ... ಕಡೆಗೆ ಅವರೇ ಕೇಳಬೇಕು, ಎಂತಕ್ಕೆ ಬಂದ್ರಿ ಅಂತ. ಆಗ ನೀನು ಹೇಳುತ್ತಿದ್ದೆ. ಅರ್ಧ ಮಾತ್ರ ಹೇಳುತ್ತಿದ್ದೆ.

ನೀನು ಜ್ವರ ಅಂತ ಮಲಗಿದವಳು ಏಳಲಿಲ್ಲ. ಅದಾದ ಮೇಲೆ ಮನೆ ಮನೆ ತಿರುಗುವವರು ಯಾರು? ಹೋರಾಟ ಸಮಿತಿಯಲ್ಲಿ ಉಳಿದದ್ದು ಮಂಡಿನೋವಿನವರು. ಈಗೆಲ್ಲ ಜನ ಇರುವುದು ಫೋನಿನಲ್ಲಿ, ಅಲ್ಲೇ ಹೋಗೋಣ ಅಂದೆ. ಒಡ್ಡಿನ ಹೋರಾಟಕ್ಕೆ ಒಂದು ಪೇಜ್ ಮಾಡಿ ಭಾಷಣದ ವಿಡಿಯೋ ಹಾಕಿದೆ, ದಿನಾ ಬರೆದೆ. ಹೇಗೆ ಬರೆದೆ ಅಂದರೆ, ಓದಿದರೆ ಕಲ್ಲೂ ಎದ್ದು ನಿಲ್ಲಬೇಕು. ಓದಿದವರು ಯಾರು? ನಮ್ಮವರೇ. ಯಾವ ಮನವಿ ಕೊಟ್ಟರೂ ಸಹಿ ಹಾಕುವ ಅದೇ ಹಳೆಯ ಗೆಳೆಯರು, "ಸತ್ಯ ಸರ್" ಅಂತ ಕೈ ಮುಗಿದ ಚಿತ್ರ ಒತ್ತಿ ಹೋಗುತ್ತಿದ್ದರು. ಓಂ ಬೀಚಿನಲ್ಲಿ ಯಾರದೋ ನಾಯಿ ಸೂರ್ಯಾಸ್ತ ನೋಡುತ್ತ ಕೂತರೆ ಊರೆಲ್ಲ ನೋಡುತ್ತದೆ. ನಮ್ಮ ಒಡ್ಡು ಬಿರುಕು ಬಿಟ್ಟ ಚಿತ್ರಕ್ಕೆ ಗತಿ ಇಲ್ಲ. ಇದು ಬಂಡವಾಳಶಾಹಿಗಳ ಸಂಚು, ನಮ್ಮ ಬರಹವನ್ನು ಬೇಕೆಂದೇ ತುಳಿಯುತ್ತಿದ್ದಾರೆ ಅಂತ ಅದನ್ನೂ ಬರೆದೆ. ಅದನ್ನೂ ಯಾರೂ ನೋಡಲಿಲ್ಲ.

ಭಟ್ಕಳದ ಶಬಾನಾಳನ್ನು ನೀನು ಮರೆತಿರಲಾರೆ, ಕಗ್ಗದ ಗಂಜಿಯ ವಿಡಿಯೋ ಮಾಡುತ್ತೇನೆ ಅಂತ ಬಂದು ನಿನ್ನ ಒಲೆ ಮುಂದೆ ಕೂತಿದ್ದಳಲ್ಲ. ನವಾಯತ ಮುಸ್ಲಿಮರ ಮನೆಯವಳು, ಎರಡು ಮಕ್ಕಳ ತಾಯಿ, ಗಂಡ ದುಬೈಯಲ್ಲಿ. ಅಡುಗೆಯ ಪೇಜ್ ನಡೆಸುತ್ತಾಳೆ. ಮುಖ ತೋರಿಸುವುದಿಲ್ಲ, ಕೈ ಮತ್ತು ಪಾತ್ರೆ ಮಾತ್ರ. ಆದರೂ ಕೈಬಳೆ ಬದಲಾದರೆ ಸಾಕು, ಹಳೆಯದು ಎಲ್ಲಿ ಅಂತ ನೂರಾರು ಜನ ಕೇಳುತ್ತಾರೆ. ಅವಳ ಮನೆಯ ಜಗಲಿಯಲ್ಲಿ ಕೂತು ನನ್ನ ಪೇಜ್ ತೆಗೆದು ತೋರಿಸಿದೆ. ಒಂದು ಗೆರೆ ತೋರಿಸಿದಳು, ವಿಡಿಯೋದಲ್ಲಿ ಜನ ಎಲ್ಲಿಯವರೆಗೆ ನಿಂತರು, ಎಲ್ಲಿ ಬಿಟ್ಟು ಹೋದರು ಅನ್ನುವ ಗೆರೆ. ನನ್ನ ಭಾಷಣದ ಗೆರೆ ಶುರುವಿನಲ್ಲೇ ದಡಕ್ಕನೆ ಕೆಳಗೆ ಬಿದ್ದಿತ್ತು.

"ಸರ್, ನೀವು ಸಮಸ್ತ ದುಡಿಯುವ ಜನರೇ ಅನ್ನೋದರೊಳಗೆ ಸಮಸ್ತರೂ ಹೋಗಿಯಾಯ್ತು" ಅಂದಳು.

ನಕ್ಕಳು. ನನಗೆ ನಗು ಬರಲಿಲ್ಲ. ಆಮೇಲೆ ಅವಳ ಕಸುಬು ವಿವರಿಸಿದಳು. ಅವಳು ವಿಡಿಯೋ ಹಾಕುವುದು ದುಬೈಯಲ್ಲಿ ಗಂಡಸರು ಊಟಕ್ಕೆ ಕೂರುವ ಹೊತ್ತಿಗೆ, ಊರಿನ ನೆನಪು ಹೊಟ್ಟೆಯಲ್ಲೇ ಹುಟ್ಟುತ್ತದಂತೆ. ಒಬ್ಬೊಬ್ಬರ ಮಾತಿಗೂ ಉತ್ತರ ಕೊಡುತ್ತಾಳೆ, ಬೈದವರಿಗೂ. ಅಡುಗೆ ಪೂರಾ ಹೇಳಿಕೊಡುವುದೇ ಇಲ್ಲ, ಇದಕ್ಕೆ ನಿಮ್ಮ ಮನೆಯಲ್ಲಿ ಕಾಯಿ ಹಾಕ್ತೀರಾ ಅಂತ ಕೇಳಿ ಬಿಡುತ್ತಾಳೆ. ಕಾಯಿ ಹಾಕುವವರಿಗೂ ಹಾಕದವರಿಗೂ ವಾರವಿಡೀ ಜಗಳ. ಅದೇ ಎಂಗೇಜ್‌ಮೆಂಟ್ ಸರ್, ಜನ ಬಿಟ್ಟು ಹೋಗದ ಹಾಗೆ ಹಿಡಿಯೋದು, ಅಂದಳು. ನಾವು ಚಳವಳಿಯಲ್ಲಿ ಕೇಳಿದ ಪ್ರಶ್ನೆಗಳೆಲ್ಲ ಉತ್ತರ ಗೊತ್ತಿದ್ದ ಪ್ರಶ್ನೆಗಳು. ಏನು ಬೇಕು, ನ್ಯಾಯ ಬೇಕು. ಯಾವಾಗ ಬೇಕು, ಈಗಲೇ ಬೇಕು. ಉತ್ತರ ಗೊತ್ತಿಲ್ಲದೆ ನಾನು ಜನರಿಗೆ ಏನನ್ನಾದರೂ ಕೇಳಿದ್ದುಂಟಾ, ಅಕ್ಕ? ಮಾರುಕಟ್ಟೆಯ ಉಪಾಯ ಅಂತ ತಳ್ಳಿಹಾಕಲು ಹೊರಟರೆ ಅದರೊಳಗಿಂದ ನಿನ್ನ ದನಿ ಕೇಳುತ್ತಿತ್ತು. ನೀನು ಅಂಗಳಗಳಲ್ಲಿ ಮಾಡಿದ್ದೂ ಇದನ್ನೇ ಅಲ್ಲವಾ? ಅಲ್ಲ ಅಂತಲೂ ಅನಿಸುತ್ತದೆ. ಎಲ್ಲಿ ಅಲ್ಲ ಅಂತ ಹೇಳಲು ಬರುವುದಿಲ್ಲ.

ನೀನಿನ್ನೂ ಇದ್ದಾಗ ಒಡ್ಡು ಒಡೆದ ಆ ಮಧ್ಯಾಹ್ನ ಶಬಾನಾ ನಿನ್ನ ಅಡುಗೆಮನೆಯಲ್ಲೇ ಇದ್ದಳು. ಉಪ್ಪಿನ ಭರಣಿಗೆ ಒರಗಿಸಿಟ್ಟ ಫೋನಿನಲ್ಲಿ ಗಂಜಿ ಬೇಯುವುದು ದಾಖಲಾಗುತ್ತಿತ್ತು. ಒಡ್ಡಿನ ಮೂಲೆ ಕುಸಿಯಿತು ಅಂತ ಗದ್ದೆಯಿಂದ ಸುದ್ದಿ ಬಂತು. ನೀನು ಕೈ ಒರಸಿಕೊಂಡು ಅಂಗಳದ ತುದಿಗೆ ಹೋಗಿ ಕೂಗಿದೆ. ಆ ಕೂಗಿನ ಕಟ್ಟಳೆ ನಿಮ್ಮ ಊರಿನವರಿಗಷ್ಟೇ ಗೊತ್ತು. ಒಡ್ಡು ಒಡೆದಾಗ ಮಾತ್ರ ಅದನ್ನು ಕೂಗಬೇಕು, ಮದುವೆಗಲ್ಲ, ಸಾವಿಗಲ್ಲ, ತಮಾಷೆಗೆ ಮಕ್ಕಳೂ ಕೂಗುವಂತಿಲ್ಲ. ಕೇಳಿದವರು ತಾವೂ ಹೊರಗೆ ಬಂದು ಮುಂದಿನ ಮನೆಗೆ ಕೂಗಿ ದಾಟಿಸಿ, ಹೆಡಿಗೆ ಗುದ್ದಲಿ ಹಿಡಿದು ಓಡಬೇಕು. ಹೌದಾ, ನಿಜವಾ ಅಂತ ಕೇಳಬಾರದು. ಕೇಳುತ್ತ ನಿಂತರೆ ಅಷ್ಟರಲ್ಲಿ ಉಪ್ಪುನೀರು ಗದ್ದೆಯೊಳಗಿರುತ್ತದೆ. ಶಬಾನಾಳೂ ಫೋನ್ ಅಲ್ಲೇ ಬಿಟ್ಟು ಓಡಿದ್ದಳು. ಬುರ್ಖಾದ ತುದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮಣ್ಣು ಹೊತ್ತದ್ದನ್ನು ನೀನೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಅವತ್ತು ಒಡ್ಡು ಉಳಿಯಿತು.

ಆ ಫೋನ್ ಮಾತ್ರ ಎಲ್ಲವನ್ನೂ ಹಿಡಿದಿತ್ತು. ನೀನು ಹೋದ ಮೇಲೆ, ಬೇಸಿಗೆಯಲ್ಲಿ, ಶಬಾನಾ ಅದನ್ನು ನನಗೆ ತೋರಿಸಿದಳು. ವಿಡಿಯೋದಲ್ಲಿ ಯಾರೂ ಇಲ್ಲ. ಖಾಲಿ ಅಡುಗೆಮನೆ, ಒಲೆಯ ಮೇಲೆ ಗಂಜಿ. ಹೊರಗೆ ನಿನ್ನ ಕೂಗು, ಆಮೇಲೆ ಪಕ್ಕದ ಮನೆಯದು, ಅದರಾಚೆಯದು, ದೂರ ದೂರ ಹೋಗುತ್ತ ಸಣ್ಣದಾಗುವ ಕೂಗು. ಇಲ್ಲಿ ಗಂಜಿ ಉಕ್ಕಿ ಉಕ್ಕಿ ಒಲೆಗೆ ಸುರಿಯುತ್ತದೆ. ಜನ ಇದನ್ನು ಕೊನೆಯವರೆಗೆ ನೋಡ್ತಾರೆ ಸರ್, ಅಂದಳು. ಯಾರಾದರೂ ಬಂದು ಪಾತ್ರೆ ಇಳಿಸ್ತಾರಾ ಅಂತ ಕಾಯ್ತಾರೆ.

ಮಳೆಗಾಲಕ್ಕೆ ಮೊದಲು ಕುಮಟೆಯ ಕಚೇರಿ ಎದುರು ಧರಣಿ ಕೂರುವುದು ಅಂತ ಸಮಿತಿ ಆಗಲೇ ತೀರ್ಮಾನಿಸಿತ್ತು. ಎಲ್ಲರೂ ಒಪ್ಪಿ ಆ ವಿಡಿಯೋದ ಕೆಳಗೆ ಧರಣಿಯ ದಿನ, ಜಾಗ ಬರೆದು ಪೇಜಿಗೆ ಹಾಕಿದೆವು. ಅಕ್ಕ, ಅದು ಹರಡಿದ ರೀತಿ ನಾನು ಜೀವಮಾನದಲ್ಲಿ ನೋಡಿದ್ದಲ್ಲ. ಕುವೈತಿನಿಂದ, ಪುಣೆಯಿಂದ, ಹೆಸರು ಕೇಳದ ಊರುಗಳಿಂದ ಮಾತು ಬಂತು. ಕೂತು ಓದಿದೆ. ಗಂಜಿ ಇಳಿಸಿ ಯಾರಾದರೂ. ಒಲೆ ಆರಿಸಿದ್ದು ಯಾರು? ಅಜ್ಜಿ ವಾಪಸ್ ಬಂದು ಊಟ ಮಾಡಿದರಾ? ಒಡ್ಡಿನ ಬಗ್ಗೆ ಕೇಳಿದವರು ಬೆರಳೆಣಿಕೆ. ಒಂದು ತಾಲೂಕಿನ ಅನ್ನ ಮುಳುಗುತ್ತಿರುವಾಗ ಇವರಿಗೆ ಒಂದು ಪಾತ್ರೆ ಗಂಜಿಯ ಚಿಂತೆಯಾ ಅಂತ ಹರಿಹಾಯ್ದು ಬರೆಯಲು ಹೊರಟಿದ್ದೆ. ಶಬಾನಾ ತಡೆದಳು. ಗಂಜಿ ಉಳಿಯಬೇಕು ಅನ್ನೋರು ಭತ್ತ ಉಳಿಯಬಾರದು ಅಂತಾರಾ, ಒಬ್ಬೊಬ್ಬರಿಗೂ ಉತ್ತರ ಕೊಡಿ ಅಂದಳು. ಕೊಟ್ಟೆ. ಗಂಜಿ ಸೀದು ಹೋಯಿತು, ಅಜ್ಜಿ ತೀರಿಕೊಂಡಿದ್ದಾರೆ, ಒಡ್ಡು ಇನ್ನೂ ಹಾಗೇ ಇದೆ ಅಂತ ಬರೆದೂ ಬರೆದೂ ಬೆರಳು ನೋವಾಯಿತು. ಈ ಸಲ ಕಚೇರಿ ಎದುರು ನಿಲ್ಲಲು ಜಾಗ ಸಾಲುವುದಿಲ್ಲ ಅಂದುಕೊಂಡೆ.

ಧರಣಿಯ ದಿನ ಬೆಳಿಗ್ಗೆ ನೆನಪಿಗೆ ಅಂತ ವಿಡಿಯೋ ಮತ್ತೆ ಹಾಕಿದೆವು. ಕಚೇರಿ ಎದುರು ನಾನು, ಸಮಿತಿಯ ನಾಲ್ಕು ಮಂದಿ, ಆಕಳಿಸುವ ಪೊಲೀಸರು, ಆ ಗಂಜಿ ಅಜ್ಜಿಯ ಮನೆ ಎಲ್ಲಿ ಅಂತ ವಿಚಾರಿಸುವ ಪ್ರವಾಸಿಗಳು ಕೆಲವರು. ಬಿಸಿಲೇರಿತು. ನಿಮ್ಮ ಕಡೆಯಿಂದ ಒಬ್ಬರೂ ಇಲ್ಲ. ಅಷ್ಟರಲ್ಲಿ ನಿನ್ನ ಸೊಸೆ ಗಂಗೆಯ ಫೋನ್ ಬಂತು.

"ಅಣ್ಣಾ, ನೀ ಎಲ್ಲಿದ್ದೆ? ಈಗ ಊರಿಗೆ ಊರೇ ಒಡ್ಡಿನ ಮೇಲೆ ಬಂದು ನಿಂತ್ಕಂಡಿದ್ರು. ಎಲ್ಲಿ ಒಡೆದದೆ ಅಂತ ನಂಗೆ ಕೇಳ್ತೇ ಇದ್ರು."

ರಿಕ್ಷಾ ಹಿಡಿದು ಹೋದೆ. ನೀನಿದ್ದಾಗಲೂ ಅಷ್ಟು ಜನರನ್ನು ಅಲ್ಲಿ ಕಂಡಿರಲಿಲ್ಲ. ಕಾಗಾಲದವರು, ಹಿರೇಗುತ್ತಿ ಕಡೆಯವರೂ ಕೂಡ. ಎಲ್ಲರ ಕೈಯಲ್ಲೂ ಹೆಡಿಗೆ. ನಡೆದದ್ದು ಇಷ್ಟೇ. ಮೊದಲ ಸಲ ವಿಡಿಯೋ ಹಾಕಿದ್ದು ರಾತ್ರಿ, ದುಬೈಯ ಊಟದ ಹೊತ್ತಿಗೆ, ಸೊಸೆಯಂದಿರು ಮಲಗಿದಲ್ಲೇ ದನಿ ತಗ್ಗಿಸಿ ನೋಡಿದ್ದರು, ಈ ಸಲ ಹಾಕಿದ್ದು ಬೆಳಿಗ್ಗೆ. ಒಳಗೆ ಸೊಸೆಯಂದಿರ ಫೋನಿನಲ್ಲಿ ನೀನು ಕೂಗಿದೆ. ಅಂಗಳದಲ್ಲಿದ್ದ ಅತ್ತೆಯಂದಿರಿಗೆ ಅದು ಕೇಳಿತು. ಬರೆದದ್ದನ್ನು ಅವರು ಓದುವುದಿಲ್ಲ, ಅವರಿಗೆ ಕೂಗು ಅಂದರೆ ಕೂಗು. ಹೊರಗೆ ಬಂದು ಮುಂದಿನ ಮನೆಗೆ ದಾಟಿಸಿದರು. ಅಲ್ಲಿಂದ ಮುಂದೆ ಅದು ಫೋನಿನ ಕೂಗಲ್ಲ, ಬಾಯಿಯ ಕೂಗು, ಕಟ್ಟಳೆಯ ಕೂಗು. ಯಾರೂ ನಿಜವಾ ಅಂತ ಕೇಳಲಿಲ್ಲ. ಕೇಳಬಾರದಲ್ಲ.

ನಿನ್ನ ಓರಗೆಯ ಮಂಕಾಳಜ್ಜಿ ಏದುಸಿರು ಬಿಡುತ್ತ ನಿಂತಿದ್ದಳು. ಹೊನ್ನಕ್ಕ ತೀರಿಹೋದದ್ದು ನಿನಗೆ ಗೊತ್ತಿತ್ತಲ್ಲ ಅಜ್ಜಿ, ನೀನೇ ಬಂದು ಅತ್ತು ಹೋಗಿದ್ದೆ, ಅಂದೆ.

"ಗೊತ್ತಿತ್ತು. ಅದಕ್ಕೇ ಓಡಿ ಬಂದೆ. ಸತ್ತವಳಿಗೆ ಸುಳ್ಳು ಕೂಗಿ ಎಂತ ಆಗೂಕದೆ?"

ಇದಕ್ಕೆ ನೀನಿದ್ದಿದ್ದರೆ ಏನು ಹೇಳುತ್ತಿದ್ದೆ? ಯಾರೂ ನನಗೆ ಬೈಯಲಿಲ್ಲ. ಬೈದಿದ್ದರೆ ಜಗಳವಾಡುತ್ತಿದ್ದೆ, ನನಗೆ ಅದು ಬರುತ್ತದೆ. ಹೆಡಿಗೆ ಬೋರಲು ಹಾಕಿ ಅದರ ಮೇಲೆ ಕೂತು ಕವಳ ಹಾಕಿದರು. ಬರುವ ಹೊತ್ತಿಗೆ ಗಂಗೆ ಮಾತ್ರ ಹತ್ತಿರ ಬಂದು, ಇನ್ನೊಂದ್ ಸಲ ನಿಜವಾಗಿ ಕೂಗಿದ್ರೆ ಇವ್ರು ಬರ್ತ್ರಾ ಅಣ್ಣಾ, ಅಂತ ಕೇಳಿದಳು. ಅವಳ ಗದ್ದೆ, ನಿನ್ನ ಗದ್ದೆಯೇ ಅಲ್ಲವಾ, ಒಡ್ಡಿನ ಬುಡದಲ್ಲೇ ಇರುವುದು.

ಗೊಂದಲ ಇಲ್ಲಿಗೆ ಮುಗಿಯಲಿಲ್ಲ. ಒಡೆಯದ ಒಡ್ಡಿನ ಮೇಲೆ ಬೋರಲು ಹೆಡಿಗೆಗಳ ಮೇಲೆ ಕೂತ ಜನರನ್ನು ಯಾರೋ ವಿಡಿಯೋ ಮಾಡಿ ಹಾಕಿದರು. ಅದು ಮೊದಲಿನದಕ್ಕಿಂತ ಜೋರಾಗಿ ಹರಡಿತು. ಸತ್ತ ಅಜ್ಜಿ ಕೂಗಿದಳು, ಊರು ಬಂತು ಅಂತ. ಅಷ್ಟು ವರ್ಷ ನಮ್ಮ ಮನವಿ ಓದದ ಸಾಹೇಬರು ಜೀಪಿನಲ್ಲಿ ಬಂದರು. ಒಡ್ಡಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಪ್ರಸ್ತಾವನೆ ಮೇಲಕ್ಕೆ ಹೋಗಿದೆ ಅಂದರು. ನಮ್ಮ ನೀರು ಕೆಳಗಿಂದ ಬರುತ್ತದೆ, ಇವರ ಪ್ರಸ್ತಾವನೆ ಯಾವಾಗಲೂ ಮೇಲಕ್ಕೆ ಹೋಗುತ್ತದೆ. ಆದರೂ ಒಂದೆರಡು ಲಾರಿ ಕಲ್ಲು ಬಂದು ಬಿದ್ದದ್ದು ಸುಳ್ಳಲ್ಲ. ನಮ್ಮ ಜೈಕಾರಕ್ಕೆ ಬಾರದ ಕಲ್ಲು ನಿನ್ನ ಗಂಜಿಗೆ ಬಂತು. ಹಾಗಾದರೆ ಅದು ತಪ್ಪಾ? ಸುಳ್ಳು ಕೂಗಿಗೆ ನಿಜವಾದ ಕಲ್ಲು ಬಂದರೆ...

ಗಂಗೆ, ಅತ್ತೆಯ ಕೂಗಿನ ವಿಡಿಯೋ ತೆಗೆದುಹಾಕು ಅಂದಳು. ಶಬಾನಾ ಮಾತ್ರ, ತೆಗೆದರೆ ಪೇಜ್ ಸತ್ತಂತೆ, ಉಳಿದ ಕಲ್ಲು ಬರುವುದಿಲ್ಲ ಅಂದಳು. ಆದರೆ ಆಮೇಲೆ ಅವಳೇ, "ನಮ್ಮ ಊರಲ್ಲಿ ಒಂದು ಸುಳ್ಳು ಮೆಸೇಜ್ ಬಂದರೆ ಗಲಾಟೆಗೆ ಹೆದರಿ ಅಂಗಡಿ ಬಾಗಿಲು ಹಾಕ್ತಾರೆ ಸರ್, ಗೊತ್ತಲ್ಲ" ಅಂದಳು. ಗೊತ್ತು. ನಿಜವಾ ಅಂತ ಕೇಳದೆ ದಾಟಿಸುವುದು ಈ ಕರಾವಳಿಗೆ ಏನು ಮಾಡಿದೆ ಅಂತ ನನಗಿಂತ ಹೆಚ್ಚು ಯಾರಿಗೆ ಗೊತ್ತು, ಅದರ ವಿರುದ್ಧವೇ ಕರಪತ್ರ ಬರೆದವನು ನಾನು. ನಿಮ್ಮ ಕೂಗಿನ ಕಟ್ಟಳೆಯೂ ಅದೇ, ಕೇಳದೆ ದಾಟಿಸು. ಅಲ್ಲಿ ವಿಷವಾದದ್ದು ಇಲ್ಲಿ ಹೇಗೆ ಅನ್ನವಾಯಿತು? ಕೂಗಿದವಳ ಮುಖ ಗೊತ್ತಿತ್ತು ಅಂತಲಾ? ಅಷ್ಟೇ ಆಗಿದ್ದರೆ, ನಿನ್ನ ದನಿಯೂ ಎಲ್ಲರಿಗೂ ಗೊತ್ತಿತ್ತಲ್ಲ, ಆದರೂ ಫೋನಿನ ಕೂಗು ಸುಳ್ಳಾಯಿತಲ್ಲ. ಯೋಚಿಸುತ್ತ ಕೂತೆ. ತೆಗೆಯಲಿಲ್ಲ, ಇಡುತ್ತೇನೆ ಅಂತಲೂ ಹೇಳಲಿಲ್ಲ. ನಾನು, ಯಾವುದಕ್ಕೂ ತಕ್ಷಣ ಹೌದು ಇಲ್ಲ ಹೇಳುವವನು.

ಆಷಾಢದ ಅಮಾವಾಸ್ಯೆಯ ಭರತಕ್ಕೆ, ಸಮುದ್ರದ ನೀರು ಉಕ್ಕಿ ಬಂದಾಗ, ಒಡ್ಡು ನಿಜವಾಗಿ ಹೋಯಿತು. ಕಲ್ಲು ಬಿದ್ದ ಕಡೆ ಅಲ್ಲ, ಬೀಳದ ಕಡೆ. ಗಂಗೆ ಅಂಗಳಕ್ಕೆ ಬಂದು ಕೂಗಿದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತು, ಫೋನಾ ಬಾಯಾ ಅಂತ ಕೇಳಿದರಂತೆ. ಬಾಯಿ ಅಂದಳು. ಅವರು ಕೂಗಿದರು, ಅವರಾಚೆಯವರೂ ಅದನ್ನೇ ಕೇಳಿದರು. ಪ್ರತಿ ಅಂಗಳದಲ್ಲೂ ಕೂಗು ಒಂದು ಗಳಿಗೆ ನಿಂತು ಮುಂದೆ ಹೋಯಿತು. ಬಂದರು ಅಕ್ಕ, ಎಲ್ಲರೂ ಬಂದರು, ಮಂಕಾಳಜ್ಜಿಯೂ ಬಂದಳು. ಅಷ್ಟರಲ್ಲಿ ನೀರು ಬುಡದ ಗದ್ದೆಗಳಿಗೆ ನುಗ್ಗಿಯಾಗಿತ್ತು. ಉಳಿದ ಗಜನಿ ಉಳಿಯಿತು. ನಿನ್ನ ಗದ್ದೆ ಉಳಿಯಲಿಲ್ಲ. ಕಗ್ಗಕ್ಕೆ ಉಪ್ಪು ತಡೆಯುವ ಶಕ್ತಿ ಇದೆ ಅಂತ ನಾನೇ ಎಷ್ಟು ಸಲ ಬರೆದಿಲ್ಲ. ಎಳೆಯ ಸಸಿ ಅಷ್ಟು ನೀರಿನಡಿ ಮಲಗಿದರೆ ಅದಾದರೂ ಎಷ್ಟು ತಡೆದೀತು?

ಮರುದಿನವೇ ವಿಡಿಯೋ ತೆಗೆದೆ. ತೆಗೆದರೇನು, ಅಷ್ಟರಲ್ಲಿ ಅದು ಎಷ್ಟು ಜೇಬು ಸೇರಿತ್ತೋ.

ನೀರಿಳಿದ ಮೇಲೆ ಒಡ್ಡಿನ ಮೇಲೆಯೇ ಸಭೆ ಕೂಡಿತು. ನಾನು ಭಾಷಣ ಮಾಡಲಿಲ್ಲ. ಶಬಾನಾ ಬಂದಿದ್ದಳು, ಅವಳೂ ಫೋನ್ ತೆಗೆಯಲಿಲ್ಲ. ಗಂಗೆ ಎದ್ದು ನಿಂತಳು. ನೀನಿದ್ದಾಗ ಸಭೆಯಲ್ಲಿ ಬಾಯಿ ತೆರೆಯದವಳು. ಕೂಗು ಕೇಳಿದ ಮೇಲೆ ನಿಜವಾ ಅಂತ ಕೇಳೂದು ಬೇಡ, ಅದು ಹಿಂದಿನ ಹಾಗೇ ಇರಲಿ ಅಂದಳು. ಅದು ಹಾಗೇ ಉಳಿಯಬೇಕಾದರೆ ಇನ್ನೊಂದು ಮಾತಿಗೆ ಎಲ್ಲರೂ ಒಪ್ಪಬೇಕು ಅಂದಳು. ಅದನ್ನು ಹೇಳುವಾಗ ಅವಳು ಅತ್ತಳು, ಆದರೆ ಪೂರಾ ಹೇಳಿದಳು.

"ಅತ್ತೆ ಕೂಗಿದ್ರೆ ಮಾತ್ರ ಯಾರೂ ಬರೂದು ಬೇಡ."

ಮೊದಲು ಮಂಕಾಳಜ್ಜಿ, ಆತು, ಅಂದಳು. ಒಬ್ಬೊಬ್ಬರೇ ಆತು ಅಂದರು. ನಾನೂ ಅಂದೆ, ಅಕ್ಕ. ಸರಿಯಾ ತಪ್ಪಾ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು ಅಂತ ಬರೆಯುತ್ತಿದ್ದೇನೆ. ಇನ್ನು ನೀನು ಯಾವ ಜೇಬಿನಿಂದ, ಯಾವ ಅಡುಗೆಮನೆಯಿಂದ ಕೂಗಿದರೂ ನಿನ್ನ ಊರಿನವರು ಕೂತಲ್ಲಿಂದ ಏಳುವುದಿಲ್ಲ. ಗಂಗೆ ಕೂಗಿದರೆ ಏಳುತ್ತಾರೆ. ಅವಳ ದನಿ ನಿನ್ನಷ್ಟು ದೂರ ಹೋಗುವುದಿಲ್ಲ, ಮೂರನೇ ಮನೆಗೇ ಒಡೆಯುತ್ತದೆ. ಸಾಕು. ಅಲ್ಲಿಂದ ಮುಂದಿನವರು ಎತ್ತಿಕೊಳ್ಳುತ್ತಾರೆ.

ನೀನು ಸುಮ್ಮನೆ ಮಲಗು, ಅಕ್ಕ.

ನಿನ್ನ ತಮ್ಮ